ಒತ್ತಾಯ

ಅರಸೀಕೆರೆ ಸ್ಟೇಷನ್ನಿನ ಹಿಂದೆ ವಾಜಿದ್ ಸಾಬರ ಸೋಡಾ ಫ್ಯಾಕ್ಟರಿ.
ಫ್ಯಾಕ್ಟರಿ ಅಂದರೆ ಒಂದು ಷೆಡ್ಡು, ಒಂದು ತಿರುಗಣಿ,
ಬಾಟಲಿ ತೊಳೆಯಲು ಆರನೇ ಕ್ಲಾಸಿನ ನಾನು.
ಸಿಲಿಂಡರಿನ ಕಿವಿ ಹಿಂಡಿ, ಬಾಟಲಿಯನ್ನು ತಲೆಕೆಳಗು ತಿರುವಿದರೆ
ಗೋಲಿ ಓಡಿಬಂದು
ತಾನೇ ಬಾಗಿಲು ಹಾಕಿಕೊಳ್ಳುತ್ತಿತ್ತು.
‘ಗ್ಯಾಸು ನೀರಿಗೆ ಬಂದ ನೆಂಟ ಕಣೋ,’ ಅನ್ನುತ್ತಿದ್ದರು ಸಾಬರು,
‘ಒತ್ತಾಯ ಮಾಡಿದಷ್ಟೂ ಕೂರುತ್ತಾನೆ.’
ಅವರ ಎಡಗಣ್ಣು ಸಿಡಿದ ಬಾಟಲಿಯೊಂದಕ್ಕೆ ಹೋಗಿತ್ತು.

ಈಗ ಹಾಸನ. ಕೈಗಾರಿಕಾ ವಸಾಹತಿನ ಲ್ಯಾಬು, ರಾತ್ರಿ ಪಾಳಿ.
ಎಳನೀರು ಒಲೆ ತಾಳುವುದಿಲ್ಲ;
ಕಾಸಿದರೆ ಅದು ಎಳನೀರಲ್ಲ, ಗಂಜಿತಿಳಿ.
ಅದಕ್ಕೇ ಈ ಉಕ್ಕಿನ ಗಡಿಗೆ,
ಅದಕ್ಕೇ ಅದೇ ಗ್ಯಾಸು.
ಮುಳ್ಳು ನೂರು ದಾಟುವ ತನಕ ತಿರುವುತ್ತೇನೆ.
ಬಿಸಿ? ಸಣ್ಣ ಜ್ವರದ ಮೈಯಷ್ಟು.

ಪ್ರಫುಲ್ಲಾ ಮೇಡಂ ಟೀ ಚೆಲ್ಲಿದ ಮೇಜಿನ ಮೇಲೆ
ಬೆರಳಲ್ಲಿ ಬರೆದು ತೋರಿಸಿದರು:
ಬ್ಯಾಕ್ಟೀರಿಯಕ್ಕೊಂದು ಪೊರೆ, ಎಣ್ಣೆಯಿಂದಲೇ ಮಾಡಿದ ಬಾಗಿಲು.
ಎಣ್ಣೆಯೆಂದರೆ ಈ ಗ್ಯಾಸಿಗೆ ತವರು,
ತಟ್ಟದೆ ಒಳಗೆ ಹೋಗುತ್ತದೆ.
ಒಳಗಿನ ನೀರು ಮೆಲ್ಲಗೆ ಸೋಡಾ ಆಗುತ್ತದೆ,
ಹುಳಿಯಾಗುತ್ತದೆ.
ಹುಳಿಯನ್ನು ಹೊರಗೆ ತೋಡಿ ತೋಡಿ
ಒಳಗಿನ ಆಳುಗಳು ಒಬ್ಬೊಬ್ಬರೇ ಕೈಚೆಲ್ಲುತ್ತಾರೆ.
ಆಮೇಲೆ ನಾನು ವಾಲ್ವು ಬಿಡುತ್ತೇನೆ.
ಕೂತ ನೆಂಟ ಧಡಕ್ಕನೆ ಎದ್ದು
ಪಾತ್ರೆ ಪಡಗವನ್ನೂ ಹೊತ್ತುಕೊಂಡೇ ಹೊರಡುತ್ತಾನೆ.

ಮೈಕ್ರೋಸ್ಕೋಪಿನಲ್ಲಿ ನೋಡಿದೆ.
ಸತ್ತದ್ದು ಗೊತ್ತೇ ಆಗುವುದಿಲ್ಲ.
ಅದೇ ಕಡ್ಡಿಯ ಆಕಾರ, ಎಲ್ಲೋ ಒಂದು ಸುಕ್ಕು,
ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ.
ಸದ್ದಿಲ್ಲ, ಗಾಜಿನ ಚೂರಿಲ್ಲ.
ಮೂಗಿನ ಮುಂದೆ ಅಂಗೈ ಹಿಡಿದೆ:
ನನ್ನಿಂದ ಹೊರಡುತ್ತಿರುವುದೂ ಅದೇ,
ಯಾರೂ ಒತ್ತದ್ದರಿಂದ ಸಭ್ಯ.

ಎರಡು ದಿನ ಬಿಟ್ಟು ತಟ್ಟೆಗಳನ್ನು ತೆಗೆದೆವು.
ಹಾಗೇ ಬಿಟ್ಟ ಎಳನೀರಿನದರಲ್ಲಿ
ಸಬ್ಬಕ್ಕಿ ಚೆಲ್ಲಿದಂತೆ ಬಿಳಿ ಚುಕ್ಕೆಗಳು, ಒಂದರ ಮೇಲೊಂದು.
ಒತ್ತಿದ್ದರಲ್ಲಿ ಬಯಲು.
ಬಯಲಲ್ಲ. ಅಂಚಿನಲ್ಲಿ ಮೂರು.

‘ಇನ್ನೂ ಹತ್ತು ನಿಮಿಷ ಕೂರಿಸಬೇಕಿತ್ತು,’ ಮೇಡಂಗೆ ಬೇಜಾರು.
ನನಗೆ ಮಾತ್ರ ಆ ಮೂವರನ್ನು ಕೇಳಬೇಕೆನಿಸಿತು,
ನೆಂಟ ಬಂದಾಗ ನೀವೆಲ್ಲಿದ್ದಿರಿ?
ರಿಜಿಸ್ಟರಿನಲ್ಲಿ ಮೂರು ಎಂದು ಬರೆದೆ.
ಉಳಿದ ಎಳನೀರನ್ನು ಮತ್ತೆ ಗಡಿಗೆಗೆ ತುಂಬಿ
ವಾಲ್ವಿಗೆ ಕೈ ಹಾಕಿದೆ.
ತಿರುವುವಾಗ ಅಭ್ಯಾಸಬಲ,
ಎಡಗಣ್ಣು ಮುಚ್ಚಿಕೊಳ್ಳುತ್ತೇನೆ.