ಅರ್ಧ ಇಂಚು

ನನ್ನ ಕೆಲಸಕ್ಕ ಒಂದು ಹೆಸರು ಐತಿ.
ಹೇಳಿದ್ರ ಮಂದಿ "ಅಂದ್ರ ನರ್ಸೇನ್ರಿ?" ಅಂತಾರ.
ಅಲ್ಲ. "ಡಾಕ್ಟರೇನು?" ಅಲ್ಲ.
"ಮತ್ತ?"
ಮತ್ತ ನಾ ಮನೀಗೆ ಬರಾಕಿ.
ಕಾಲ್ಮರಿ ಹೊರಗ ಬಿಟ್ಟು,
ಚಹಾ ಬ್ಯಾಡ ಅಂತ ಎರಡು ಸಲ ಹೇಳಿ
ಮೂರನೇ ಸಲಕ್ಕ ಕುಡಿಯಾಕಿ.

ದಾಜಿಬಾನಪೇಟ್ಯಾಗ ಒಂದು ಮ್ಯಾಲಿನ ಮನಿ.
ಖಂಡೂಸಾ ಬಾಕಳೆ, ವಯಸ್ಸು ಐವತ್ತೇಳು.
ಶರ್ಟು, ಸಫಾರಿ, ಲಗ್ನದ ಕೋಟು.
ಅಂಗಡಿ ಇಲ್ಲ ಈಗ,
ಅಳತಿ ಪಟ್ಟಿ ಮಾತ್ರ ಕೊರಳಾಗ ಹಂಗಽ ಐತಿ.

ಎರಡು ವರ್ಷದಾಗ ನಾಕು ಚಸಮಾ.
ಕಣ್ಣಿನ ಡಾಕ್ಟರು ಬೆಳಕು ಹಾಕಿ ನೋಡಿ
"ಕಣ್ಣು ಛಲೋ ಅದಾವು, ಕೆಲಸದ ಮ್ಯಾಲೆ ಮನಸ್ಸಿಲ್ಲ" ಅಂದ್ರಂತ.
ಗಿರಾಕಿಗೋಳು ಅಂದ್ರು: ಕುಡ್ಯಾಕ ಹತ್ಯಾನ.
ಒಬ್ಬ ಮದುಮಗನ ಕೋಟಿಗೆ
ಎರಡೂ ಎಡತೋಳು ಕೂಡಿಸಿದ ದಿನ
ತಾನಽ ಬಾಗಿಲಾ ಹಾಕಿ ಕೀಲಿ ಜಡದ.

ಕಣ್ಣು ನೋಡತಾವ.
ನೋಡಿದ್ದನ್ನ ತಲಿಯ ಹಿಂದಿನ ಖೋಲ್ಯಾಗ ಕುಂತು
ತುಂಡು ತುಂಡು ಕೂಡಿಸಿ ಹೊಲಿಯಾವ
ಕೆಲಸ ಬಿಟ್ಟು ಹೊಂಟಾನ.
ಇಷ್ಟಽ ನಾ ಹೇಳಿದ್ದು. ರೋಗದ ಹೆಸರು ಹಾಳಿ ಮ್ಯಾಲೆ ಬರದೆ.
ಅಂಬುಬಾಯಿ ಅದನ್ನ ನಾಕು ಮಡಿಕಿ ಮಾಡಿ
ಬ್ಯಾಳಿ ಡಬ್ಬ್ಯಾಗ ಇಟ್ಳು.
"ಇದಕ್ಕ ಗುಳಿಗಿ ಐತೇನ್ರಿ?"
ನಿಲ್ಲಸಾವು ಇಲ್ಲ.
"ಮತ್ತ ನೀವ್ಯಾಕ ಬಂದ್ರಿ?"

ಹನ್ನೊಂದು ವರ್ಷಾತು, ಈ ಪ್ರಶ್ನಿಗೆ
ನನ್ನ ಚೀಲದಾಗ ಯಾವ ಹಾಳಿನೂ ಇಲ್ಲ.
ಮಾರಿ ತಪ್ಪಿಸಿ ಬಾಗಿಲ ಕಡೆ ನೋಡಿದೆ.
ಹೊಸ್ತಿಲದಾಗ ಕರೀ ಕಾಲೊರಸು.
"ಇದನ್ನ ತಗೀರಿ," ಅಂದೆ.
"ಇವರಿಗೆ ಇದು ಬಾವಿ ಕಂಡಂಗ ಕಾಣತೈತಿ."

ಅಂಬುಬಾಯಿ ಸುಮ್ಮನ ನಿಂತ್ಲು.
ಆರು ತಿಂಗಳಾತು, ಹೊಸ್ತಿಲ ದಾಟಾಕ ಅಂಜತಾನ,
ದೃಷ್ಟಿ ಆಗೇತಿ ಅಂತ ನಿಂಬಿಹಣ್ಣು ಇಳಿಸಿ ಒಗದಿದ್ಲು
ಮೂರು ಅಮಾಸಿ.
ಈಗ ಕಾಲೊರಸು ಸುತ್ತಿ ಗ್ಯಾಲರಿಗೆ ಒಗದು ಬಂದ್ಲು.
ಖಂಡೂಸಾ ಎದ್ದ. ದಾಟಿದ.
ತಿರುಗಿ ಒಳಗ ಬಂದ. ಮತ್ತ ದಾಟಿದ.
ಬರೇ ಒಂದು ಕಾಲೊರಸು.

ಆಮ್ಯಾಲೆ ಇಬ್ರೂ ಅಡಗಿಮನಿ ಹೊಕ್ಕಿವಿ.
ಸ್ಟೀಲಿನ ತಾಟಿನ್ಯಾಗ ಬಿಳೀ ಅನ್ನ ಕಾಣಂಗಿಲ್ಲ ಆತಗ,
ಅದಕ್ಕಽ ಅರ್ಧಾ ಬಿಟ್ಟು ಏಳತಾನ.
ನೀಲಿ ತಾಟು ತರ್ರಿ, ದುರ್ಗದಬೈಲಾಗ ಸಿಗತಾವು.
"ಅಂದ್ರ ನನ್ನ ಅಡಗಿ ಮ್ಯಾಲೆ ಸಿಟ್ಟಲ್ಲ," ಅಂದ್ಲು.
ಸ್ವಲ್ಪ ತಡದು ಮತ್ತ ಅದನ್ನಽ ಅಂದ್ಲು.
ನಾ ನಳದ ಕೆಳಗ ಕೈ ತೊಳಕೊಂಡೆ,
ತೊಳಿಯೂದು ಏನೂ ಇರಲಿಲ್ಲ.

ಪ್ರಮಾಣಪತ್ರದ ಫಾರ್ಮು ತಂದಿದ್ದೆ.
ಕಣ್ಣು ಕಾಣಂಗಿಲ್ಲೇನು? ಕಾಣತಾವ.
ಬುದ್ಧಿ ಕಡಿಮೇನು? ಆತನ್ನಽ ಕೇಳ್ರಿ, ಸಿಟ್ಟಿಗೇಳತಾನ.
ಕಡೀಕ "ಇತರೆ" ಅಂತ ಒಂದು ಗೆರಿ, ಒಂದೂವರಿ ಇಂಚು.
ಅಷ್ಟರಾಗ ಒಬ್ಬ ಮನಷ್ಯಾನ ಹಿಡಿಸಬೇಕು.
ಸಹಿ ಮಾಡ್ರಿ ಅಂದೆ.
ಪೆನ್ನು ಕಾಗದಾ ಬಿಟ್ಟು ಟೇಬಲ್ಲಿಗೆ ಇಳೀತು,
ಅಲ್ಲೇ ದುಂಡಗ ಬರದ: ಖಂ. ಬಾಕಳೆ.
ಅದನ್ನ ಯಾರೂ ಒರಸಲಿಲ್ಲ.

ಹೊಂಟೆ. ಕೈ ಮುಗದೆ.
ಆತ ನನ್ನ ಮಾರಿ ಹುಡುಕಿದ,
ಗ್ವಾಡಿಯ ಕ್ಯಾಲೆಂಡರಿಗೆ ನಮಸ್ಕಾರ ಅಂದ.
ಚಾಚಿದ ಕೈಗೆ ನನ್ನ ತೋಳು ಸಿಕ್ತು.
ಬೆರಳು ಹೊಲಿಗಿ ಗುಂಟ ಮ್ಯಾಲೆ ಹತ್ತಿ
ಹೆಗಲಿನ ಜೋಡಣಿಗೆ ನಿಂತ್ವು.
ಕಣ್ಣು ಮುಚ್ಚಿದ.
"ಯಾರು ಹೊಲದಾರ್ರಿ ಇದನ್ನ?
ಎಡಕ್ಕ ಅರ್ಧ ಇಂಚು ಹೆಚ್ಚಿಗಿ ಬಿಟ್ಟಾರ.
ಬುಧವಾರ ತಂದು ಕೊಡ್ರಿ."
ಅಂಬುಬಾಯಿ ನನ್ನ ನೋಡಿದ್ಲು.
ನಾ "ಹೂಂ" ಅಂದೆ.

ಚಿಗರಿ ಬಸ್ಸು ನವನಗರ ದಾಟೂತನಕ
ಎಡತೋಳು ಹಿಡಕೊಂಡು ಕುಂತಿದ್ದೆ.
ಮೂರು ವರ್ಷದಿಂದ ಹಾಕ್ಕೊಂತೀನಿ ಈ ಕುಡ್ತಾ.
ಹೆಗಲು ಇಳಿಯೂದು ನನ್ನ ಮೈಯಿಂದಽ,
ಚೀಲದ ಭಾರದಿಂದಽ ಅಂತ ತಿಳಿದಿದ್ದೆ.

ಇವತ್ತು ಮಂಗಳವಾರ.
ರಾತ್ರಿ ಕುಡ್ತಾ ಒಗದು ಹಾಕಿದೆ.