ಇತರೆ

ಗೈರುಹಾಜರಿಗೆ ಕಾರಣ ಕೇಳುವ ಪಟ್ಟಿಯಲ್ಲಿ
ನಾಲ್ಕೇ ಆಯ್ಕೆ: ಅನಾರೋಗ್ಯ, ಸಾವು, ಪ್ರಯಾಣ, ಇತರೆ.
ಕಳೆದ ಹನ್ನೊಂದು ದಿನಗಳಲ್ಲಿ
ನಾನೂರ ಆರು ಸಲ ‘ಇತರೆ’ ಒತ್ತಿದ್ದೇನೆ.

ಹವಲ್ಲಿಯ ಈ ಖಾಸಗಿ ವಿಶ್ವವಿದ್ಯಾಲಯದ
ಪರೀಕ್ಷಾ ವಿಭಾಗದಲ್ಲಿ ನನಗಿದು ಹದಿಮೂರನೇ ವರ್ಷ.
ಕಿಟಕಿಗೆ ಅಡ್ಡಡ್ಡ ಟೇಪು ಅಂಟಿಸಿದ್ದೇವೆ,
ಗಾಜು ಒಡೆದರೂ ಚೂರು ಹಾರದಿರಲಿ ಎಂದು;
ತಪ್ಪುತ್ತರಕ್ಕೆ ಹಾಕುವ ಗುರುತಿನ ಹಾಗೇ ಇದೆ.
ಅದರಾಚೆ ಆಕಾಶ, ಅಲ್ಲಿ ಆಗಾಗ
ಯಾರೋ ಸೀಮೆಸುಣ್ಣದಲ್ಲಿ ಎಳೆದು
ಅರ್ಧಕ್ಕೇ ಬಿಟ್ಟ ಗೆರೆ.

ಸೈರನ್ ಕೂಗಿದರೆ ಮೆಟ್ಟಿಲಿಳಿಯಬೇಕು.
ನಿಂತ ಮೇಲೆ ಹತ್ತಬೇಕು.
ಪರೀಕ್ಷೆ ಮಾತ್ರ ಒಂಬತ್ತಕ್ಕೇ, ಆನ್‌ಲೈನಿನಲ್ಲಿ,
ಎಲ್ಲರೂ ಅವರವರ ಮನೆಯಿಂದ,
ಮನೆ ಇದ್ದವರು.

ಮೊದಲ ವಾರ ಭಯವಿತ್ತು. ಭಯ ಒಳ್ಳೆಯದೇ,
ಮೈಯೆಲ್ಲ ಎಚ್ಚರ, ಒಣ ರೊಟ್ಟಿಗೂ ರುಚಿ.
ಆಮೇಲೆ ಬಂತಲ್ಲ, ಅದಕ್ಕೆ ಹೆಸರು ಹುಡುಕಿದೆ.
ದಣಿವಲ್ಲ; ದಣಿದವರಿಗೆ ನಿದ್ದೆ ಬರುತ್ತದೆ.
ಬೇಸರವೂ ಅಲ್ಲ.
ಬಳ್ಳಾರಿಯಲ್ಲಿ ಅವ್ವ ಮೂಗರಳಿಸಿ ಅನ್ನುತ್ತಿದ್ದಳು:
‘ಹುಲಿಗಿ, ನೋಡೇ, ತಳ ಹತ್ತೈತಿ.’
ಮುಚ್ಚಳ ತೆಗೆದರೆ ಅನ್ನ ಬೆಳ್ಳಗೇ ಇರುತ್ತಿತ್ತು,
ಹಬೆಯೂ ಆಡುತ್ತಿತ್ತು.
ಹಾಗೇ ನಾನೂ ‘ಚೆನ್ನಾಗಿದ್ದೇನೆ, ಧನ್ಯವಾದ’ ಎಂದು
ಎಲ್ಲ ಇಮೇಲಿಗೂ ಉತ್ತರಿಸುತ್ತಿದ್ದೇನೆ.

ಗುರುವಾರ ನಾಲ್ಕಕ್ಕೆ ಮನಃಶಾಂತಿ ಶಿಬಿರ. ಹಾಜರಿ ಕಡ್ಡಾಯ.
ಹಾಜರಿ ತೆಗೆದುಕೊಳ್ಳುವವಳು ನಾನೇ.
‘ಉಸಿರೆಳೆದುಕೊಳ್ಳಿ, ನಾಲ್ಕರವರೆಗೆ ಎಣಿಸಿ,’
ಸ್ಕ್ರೀನಿನ ಮೇಲಿನ ಹುಡುಗಿ ಅಂದಳು, ಯಾವುದೋ ದೂರದ ದೇಶದಿಂದ;
ಅವಳ ಬೆನ್ನ ಹಿಂದೆ ಕುಂಡದಲ್ಲೊಂದು ಹಸಿರು ಗಿಡ.
ಮೂರಕ್ಕೆ ಸೈರನ್ ಕೂಗಿತು.
ಉಸಿರು ಬಿಡದೆಯೇ ಇಳಿದೆವು.

ಡಾಕ್ಟರ್ ಮುಝಮ್ಮಿಲ್ ಮಾತ್ರ ಮತ್ತೆ ಹತ್ತಲಿಲ್ಲ.
ಸಂಖ್ಯಾಶಾಸ್ತ್ರದವರು, ಸುಡಾನಿನ ಓಮ್ದುರ್ಮಾನಿನವರು,
ಒಂದು ಯುದ್ಧವನ್ನು ಫೋನಿನಲ್ಲಿ,
ಇನ್ನೊಂದನ್ನು ಕಿಟಕಿಯಲ್ಲಿ ಇಟ್ಟುಕೊಂಡವರು.
ಮೂರನೇ ಮೆಟ್ಟಿಲ ಮೇಲೆ ಕೂತಿದ್ದರು,
ತೊಡೆಯ ಮೇಲೆ ಮುಚ್ಚಿದ ಲ್ಯಾಪ್‌ಟಾಪು.
‘ಇನ್ನೈದು ನಿಮಿಷ’ ಅಂದರು.
ಶಫೀಕ್ ತಂದಿಟ್ಟ ಚಹಾ ಕೆನೆಗಟ್ಟಿತು.
ಕತ್ತಲಾಯಿತು.

ಭಾನುವಾರ ಅವರ ಅಂಕಪಟ್ಟಿ ಬಂತು:
ನೂರ ಮೂವತ್ತೆಂಟು ಹೆಸರು, ಎಲ್ಲರಿಗೂ ಅರವತ್ತೊಂದು.
ಕಂಪ್ಯೂಟರು ಕೆಂಪಾಗಿ ಸಮಜಾಯಿಷಿ ಕೇಳಿತು.
ಫೋನು ಮಾಡಿದೆ. ಬಹಳ ಹೊತ್ತಿನ ಮೇಲೆ ದನಿ:
‘ಕೂತರು, ಬರೆದರು. ಇನ್ನೇನು ಅಳೆಯಲಿ?’

ನಿಯಮ ಗೊತ್ತು ನನಗೆ. ಇಷ್ಟು ವರ್ಷ
ಅರ್ಧ ಅಂಕವನ್ನೂ ಯಾರಿಗೂ ಬಿಟ್ಟುಕೊಟ್ಟವಳಲ್ಲ.
ಆ ರಾತ್ರಿ ಸಾಲ್ಮಿಯಾದ ಕೋಣೆಯಲ್ಲಿ ಪರದೆ ಎಳೆದು,
ದೀಪ ಆರಿಸಿ, ಒಂದೊಂದೇ ಪತ್ರಿಕೆ ತೆರೆದೆ.
ಲೆಕ್ಕ ನನಗೆ ತಿಳಿಯದು. ಅಕ್ಷರ ತಿಳಿಯುತ್ತದೆ.
ಒಬ್ಬ ಹೆಸರು ಬರೆದು ನಿಲ್ಲಿಸಿದ್ದ.
ಒಬ್ಬಳು ನಾಲ್ಕನೆಯ ಪ್ರಶ್ನೆಯ ನಡುವೆ:
‘ಸರ್, ತಮ್ಮ ಅಳುತ್ತಿದ್ದಾನೆ, ಈಗ ಬಂದೆ.’
ಮುಂದೆ ಖಾಲಿ.
ಇವಳಿಗೆ ಎಪ್ಪತ್ತು, ಇವನಿಗೆ ಐವತ್ತೆರಡು,
ಎಲ್ಲ ಬಿಡಿಸಿ ಕೊನೆಗೆ ‘ನಿಮ್ಮ ಮನೆಯವರು ಹೇಗಿದ್ದಾರೆ ಸರ್’
ಎಂದು ಕೇಳಿದವನಿಗೆ ತೊಂಬತ್ತು.
ಯಾರನ್ನೂ ಬೀಳಿಸಲಿಲ್ಲ.
ಬೆಳಗಿನ ಬಾಂಗಿನ ಹೊತ್ತಿಗೆ ಸ್ಕ್ರೀನಿನಲ್ಲಿ
ಗಂಟೆಯಾಕಾರದ ಗೆರೆಯೊಂದು ಮೂಡಿತು,
ಅವರು ಪ್ರತಿ ವರ್ಷ ಮೊದಲ ಪಾಠಕ್ಕೆ ಬಿಡಿಸುವಂಥದ್ದು.
ಕಂಪ್ಯೂಟರು ಹಸಿರಾಯಿತು.

ಮುಝಮ್ಮಿಲ್ ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು.
‘ಮಿಸ್ ಹುಲಿಗಾ, ಇಷ್ಟು ನುಣುಪಾದ ಗಂಟೆ
ಶಾಂತಿಯ ಕಾಲದಲ್ಲೂ ಬರುವುದಿಲ್ಲ.’
ನಕ್ಕರು. ನಗು ನಡುವೆ ನಿಂತಿತು,
ಸೈರನ್ನೇನೂ ಆಗಿರಲಿಲ್ಲ.

‘ರಜೆ ಹಾಕಿ ಸರ್’ ಅಂದೆ.
‘ಏನಂತ ಹಾಕಲಿ?’
ಪಟ್ಟಿ ತೆರೆದು ಅವರ ಕಡೆ ತಿರುಗಿಸಿದೆ.
ಇಬ್ಬರೂ ಆ ನಾಲ್ಕು ಪದಗಳನ್ನು
ಪ್ರಶ್ನೆಪತ್ರಿಕೆಯ ಹಾಗೆ ನೋಡುತ್ತ ಕೂತೆವು.
ನನ್ನದನ್ನೂ ನೀವೇ ಒತ್ತಿಬಿಡಿ, ಅಂದೆ,
ಬೆರಳು ನೋಯುತ್ತಿದೆ.