ಹಿತ್ತಾಳೆ ಒರಳು

ಆರುನೂರೆಂದು ಹಾಕಿದ್ದ, ನಾನೂರಕ್ಕೆ ಇಳಿದ.
ಕಾಞಂಗಾಡಿನ ಸ್ಟ್ಯಾಂಡಿನಲ್ಲಿ ಪೇಪರು ಸುತ್ತಿ ಕೊಟ್ಟ
ಚಕ್ಕುಲಿ ಒರಳು, ಫೋಟೋದಲ್ಲಿದ್ದುದಕ್ಕಿಂತ ಭಾರ.

ಕುಂಬಳೆ ದಾಟುವಾಗ ಬುಡ ತಿರುವಿದೆ:
ಚುಕ್ಕೆಚುಕ್ಕೆಯಾಗಿ ಕೊರೆದ ಮಲಯಾಳ ಅಕ್ಷರ,
ಬಸ್ಸಿನ ಬೋರ್ಡು ನೋಡಿಯೇ ನಾನು ಕಲಿತ ಲಿಪಿ.
ಕಾರ್... ತ್ಯಾ... ಯನಿ.

ಮನೆಗೆ ಬಂದು ಅಚ್ಚಿನ ತೂತಿಗೆ ಸೂಜಿ ಹಾಕಿದರೆ
ಒಣಗಿದ ಹಿಟ್ಟಿನೊಳಗೆ ಒಂದು ಎಳ್ಳು.

ಅಕ್ಕಿಹಿಟ್ಟು, ಹುರಿದ ಉದ್ದು, ಓಮ.
ತೆಂಗಿನೆಣ್ಣೆ ಕಾದಿದೆ.
ಒತ್ತಿದರೆ ಸುತ್ತು ಸೇರುವುದಿಲ್ಲ,
ಬಾಲ ಬಿಟ್ಟು ಓಡುತ್ತದೆ.
ಹಿಡಿ ಸವೆದದ್ದು ಇನ್ನೊಂದು ಬದಿ.
ಕೈ ಬದಲಿಸಿದೆ.
ಉರುಟಾಗಿ ಬಂತು ಚಕ್ಕುಲಿ, ನನ್ನ ಎಡಗೈಯಿಂದ!

ರಾತ್ರಿ ಮೆಸೇಜಿನಲ್ಲಿ ಕೇಳಿದೆ: ಕಾರ್ತ್ಯಾಯನಿ ಎಡಚರಾ?
ಎರಡು ನೀಲಿ ಗೆರೆ. ತುಂಬ ಹೊತ್ತು ಏನಿಲ್ಲ.
ಆಮೇಲೆ: ‘ಅಮ್ಮಮ್ಮ. ಹೌದು.
ಇಡ್ಲಿಪಾತ್ರೆಯೂ ಉಂಟು, ಬೇಕಾ?’